ಹೈಡ್ರಿಲ್ಲಾ ಕಳೆಯೊಳಗೆ ನುಗ್ಗಿದ ಬಾಸ್ ಮೀನು ಕೈಗೆ ಬರುತ್ತಿಲ್ಲ: ಕಯಾಕ್, ಲೇಕ್ ತೊಹೊ

ಕಯಾಕ್_ಕಿಟ್ಟಿ

ಜಾಗ: ಫ್ಲಾರಿಡಾ, ಕಿಸ್ಸಿಮ್ಮಿ ಪಕ್ಕದ ತೊಹೊಪೆಕಲೈಗಾ (ತೊಹೊ) ಕೆರೆ. ನೀರು 4ರಿಂದ 6 ಅಡಿ. ಹೈಡ್ರಿಲ್ಲಾ ಮೇಲಿನ ತನಕ ಬೆಳೆದು ಚಾಪೆ ಹಾಸಿಕೊಂಡಿದೆ. ದಡದ ಕಡೆ ಹಳದಿ ನೈದಿಲೆ, ಅದರ ಹಿಂದೆ ಜೊಂಡು.

ಸಾಮಾನು: 7 ಅಡಿ ಮೀಡಿಯಂ ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, 15 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ದಾರ). ತುದಿಗೆ 12 ಪೌಂಡ್ ಫ್ಲೋರೋಕಾರ್ಬನ್ ಲೀಡರ್ (ಮೀನಿಗೆ ಅಷ್ಟಾಗಿ ಕಾಣದ ತುದಿ ದಾರ) 3 ಅಡಿ, ಎರಡನ್ನೂ ಕೂಡಿಸಲು ಡಬಲ್ ಯೂನಿ ಗಂಟು. ಎಸೆಯುವುದು ಟೊಳ್ಳು ರಬ್ಬರ್ ಕಪ್ಪೆ, ಇಲ್ಲವೇ 3/0 ಸೈಜಿನ ತೆಳು ಹುಕ್ಕಿಗೆ ಟೆಕ್ಸಾಸ್ ರಿಗ್ ಮಾಡಿದ (ಕಳೆಗೆ ಸಿಕ್ಕದಂತೆ ಹುಕ್ಕಿನ ಮೊನೆ ಹುಳದಲ್ಲೇ ಹುದುಗಿಸಿದ) ಪ್ಲಾಸ್ಟಿಕ್ ಹುಳ.

ತೊಂದರೆ: ಹೊಡೆತ ಚೆನ್ನಾಗಿಯೇ ಬೀಳುತ್ತದೆ. ಜಗ್ಗಿದ ತಕ್ಷಣ ಡ್ರ್ಯಾಗ್ (ಎಳೆತ ಹೆಚ್ಚಾದಾಗ ದಾರ ಬಿಡುವ ರೀಲಿನ ಬ್ರೇಕ್) ಕಿರ್ರ್ ಅನ್ನುತ್ತದೆ, ಮೀನು ಕೆಳಕ್ಕೆ ಮುಳುಗುತ್ತದೆ, ಆಮೇಲೆ ಬಂಡೆಗೆ ಸಿಕ್ಕಿದ ಹಾಗೆ ನಿಂತುಬಿಡುತ್ತದೆ. ಎಳೆದರೆ ಒಂದೋ ಲೀಡರ್ ಗಂಟಿನ ಹತ್ತಿರ ಹರಿಯುತ್ತದೆ, ಇಲ್ಲ ಬರೀ ಒಂದು ಹೊರೆ ಕಳೆ ಬರುತ್ತದೆ. ಕಯಾಕ್ ಬೇರೆ ಮೀನಿನ ಕಡೆಗೇ ಜಾರುತ್ತದೆ. ಡ್ರ್ಯಾಗ್ ಬಿಗಿ ಮಾಡಿದರೆ ಸಾಕಾ, ರಾಡನ್ನೇ ಬದಲಿಸಬೇಕಾ?

ಗಾಳಗುಂಡ

ಡ್ರ್ಯಾಗ್ ಒಂದನ್ನೇ ಬಿಗಿ ಮಾಡಬೇಡಿ ಸರ್. ಈ ಸೆಟ್ಟಿನಲ್ಲಿ ಬಿಗಿ ಮಾಡಿದರೆ ಹರಿಯುವುದು ಇನ್ನೂ ಬೇಗ.

ಮೊದಲು ಕಳೆ ಹೇಗೆ ನಿಂತಿದೆ ನೋಡಿ. ಹೈಡ್ರಿಲ್ಲಾ ಬುಡದಿಂದ ಉದ್ದ ಕಡ್ಡಿಯಾಗಿ ಏರಿ, ಮೇಲ್ಮೈ ಹತ್ತಿರ ಬಂದ ಮೇಲೆ ಕವಲೊಡೆಯುತ್ತದೆ. ಹಾಗಾಗಿ ಮೇಲಿನ ಒಂದೆರಡು ಅಡಿಯಲ್ಲೇ ದಟ್ಟಣೆ. ಕೆಳಗೆ ಕಡ್ಡಿಗಳ ನಡುವೆ ಮೀನಿಗೆ ಓಡಾಡಲು ಬೇಕಾದಷ್ಟು ಜಾಗ. ಗಾಳ ಬಿದ್ದ ಬಾಸ್ ಹುಡುಕುವುದು ಆ ಕೆಳಗಿನ ಜಾಗವನ್ನೇ. ಅದು ಮೇಲಿನ ಈ ದಟ್ಟ ಚಾವಣಿ ದಾಟಿ ಕೆಳಗೆ ಹೋದರೆ ನಿಮ್ಮ ದಾರ ಚಾವಣಿಯ ಅಂಚಿನಲ್ಲಿ ಮಡಚಿಕೊಳ್ಳುತ್ತದೆ. ಆಮೇಲೆ ನೀವು ಎಳೆಯುವ ಬಲವೆಲ್ಲ ಆ ಮಡಿಕೆಯಲ್ಲೇ ಕಳೆಯ ಮೇಲೆ ಬೀಳುತ್ತದೆ, ಮೀನಿಗೆ ತಲುಪುವುದು ಅಲ್ಪಸ್ವಲ್ಪ. ಕಡ್ಡಿಗಳ ಸುತ್ತ ಎರಡು ಮೂರು ತಿರುವು ಬಿದ್ದರೆ ಅದೂ ಇಲ್ಲ. ಬಂಡೆಗೆ ಸಿಕ್ಕಿದ ಹಾಗೆ ಅನ್ನಿಸುವುದು ಇದಕ್ಕೇ.

ಆದ್ದರಿಂದ ಆಟ ಮುಗಿಯುವುದು ಮೊದಲ ಎರಡು ಸೆಕೆಂಡಿನಲ್ಲಿ. ಮೀನಿನ ತಲೆ ಕೆಳಕ್ಕೆ ತಿರುಗುವ ಮೊದಲೇ ಮೇಲಕ್ಕೆ ತಿರುಗಿಸಿ ಚಾಪೆಯ ಮೇಲೆ ಜಾರಿಸಿಕೊಂಡು ಬರಬೇಕು. ನಿಮ್ಮ ಮೀಡಿಯಂ ರಾಡ್ ಆ ಎರಡು ಸೆಕೆಂಡನ್ನು ಬಾಗುವುದರಲ್ಲೇ ಕಳೆಯುತ್ತದೆ. ಉಳಿದದ್ದನ್ನು ಡ್ರ್ಯಾಗ್ ಕೊಟ್ಟುಬಿಡುತ್ತದೆ.

ಬದಲಾಯಿಸಬೇಕಾದ್ದು:

ದಾರ: ಕಪ್ಪೆಗೆ 50 ಅಥವಾ 65 ಪೌಂಡ್ ಬ್ರೇಡ್. 65 ಪೌಂಡ್ ಬ್ರೇಡ್ ಸುಮಾರು 16 ಪೌಂಡ್ ನೈಲಾನಿನಷ್ಟೇ ದಪ್ಪ, ಹೆದರಬೇಡಿ. ನಿಮ್ಮ 15 ಪೌಂಡಿನದು 4 ಪೌಂಡ್ ನೈಲಾನಿನಷ್ಟು ತೆಳು. ಜೋರಾಗಿ ಎಳೆದಾಗ ಅದು ಸ್ಪೂಲಿನಲ್ಲಿ (ರೀಲಿನಲ್ಲಿ ದಾರ ಸುತ್ತುವ ಉರುಳೆ) ಕೆಳಗಿನ ಸುತ್ತುಗಳ ಒಳಗೇ ಹೂತುಕೊಳ್ಳುತ್ತದೆ, ಮುಂದಿನ ಎಸೆತ ಹಾಳು. ಬ್ರೇಡಿಗೆ ಇನ್ನೊಂದು ಗುಣವಿದೆ: ಎಳೆತದಲ್ಲಿ ಹೈಡ್ರಿಲ್ಲಾದ ಮೆತ್ತನೆ ಕಡ್ಡಿಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಫ್ಲೋರೋಕಾರ್ಬನ್ ಕೊಯ್ಯುವುದಿಲ್ಲ, ಜಾರಿ ಸುತ್ತಿಕೊಳ್ಳುತ್ತದೆ.

ಲೀಡರ್: ತೆಗೆದುಹಾಕಿ. ಚಾಪೆಯ ಮೇಲೆ ಕಪ್ಪೆ ಓಡುವಾಗ ಮೀನಿಗೆ ದಾರ ಕಾಣುವ ಪ್ರಶ್ನೆಯೇ ಇಲ್ಲ. ಡಬಲ್ ಯೂನಿ ಗಂಟಂತೂ ಪ್ರತಿ ಕವಲಿಗೂ ತಗಲುತ್ತದೆ. ಬ್ರೇಡನ್ನು ನೇರವಾಗಿ ಪಾಲೋಮಾರ್ ಗಂಟಿನಿಂದ ಕಟ್ಟಿ. ಬಿಗಿಯುವ ಮುಂಚೆ ಒದ್ದೆ ಮಾಡಿ, ಸುತ್ತುಗಳು ಒಂದರ ಮೇಲೊಂದು ಹತ್ತಿಲ್ಲವೆಂದು ನೋಡಿಕೊಳ್ಳಿ.

ರಾಡ್: 7 ಅಡಿ 3 ಇಂಚಿನಿಂದ 7 ಅಡಿ 6 ಇಂಚು, ಹೆವಿ (ಗಟ್ಟಿ), ಫಾಸ್ಟ್ (ತುದಿಯಲ್ಲಷ್ಟೇ ಬಾಗುವಂಥದ್ದು). ತುದಿ ಒಂದು ಗೇಣು ಮೆತ್ತಗಿರಲಿ, ಕಪ್ಪೆ ಕುಣಿಸಲು ಬೇಕು. ಕೆಳಗಿನ ಭಾಗ ಬಾಗಲೇಬಾರದು.

ರೀಲ್: ಬೇಟ್‌ಕಾಸ್ಟರ್ (ರಾಡಿನ ಮೇಲೆ ಕೂರುವ, ಸ್ಪೂಲೇ ತಿರುಗುವ ರೀಲ್) ಆದರೆ 7:1 ಅಥವಾ 8:1, ಅಂದರೆ ಹ್ಯಾಂಡಲಿನ ಒಂದು ಸುತ್ತಿಗೆ ಸ್ಪೂಲ್ ಏಳೆಂಟು ಸುತ್ತು. ಮೀನು ನಿಮ್ಮ ಕಡೆಗೇ ಓಡಿ ಬಂದಾಗ ಸಡಿಲ ದಾರ ಸುತ್ತಿಕೊಳ್ಳಲು ಆ ವೇಗ ಬೇಕಾಗುತ್ತದೆ.

ಹುಕ್: ಹುಳಕ್ಕೆ 4/0 ಅಥವಾ 5/0, ದಪ್ಪ ತಂತಿಯದು. ದಾರ ಮಾತ್ರ 65ಕ್ಕೆ ಏರಿಸಿ ತೆಳು ಹುಕ್ ಉಳಿಸಿಕೊಂಡರೆ ಹುಕ್ಕೇ ನೆಟ್ಟಗಾಗಿ ವಾಪಸ್ ಬರುತ್ತದೆ.

ಹುಬ್ಳಿ_ಹುಕ್

ಗುಂಡಣ್ಣ ಹೇಳಿದ್ದು ಖರೇ ಐತ್ರಿ. ಒಂದು ಸೇರಿಸ್ತೀನಿ. ಡ್ರ್ಯಾಗ್ ಬಿಗಿ ಐತಿ ಅನ್ಕೊಂಡಿರ್ತೀರಿ, ಆದ್ರ ಸ್ಪೂಲ್ ಮ್ಯಾಲ ಬ್ರೇಡ್ ಇಡೀ ಸುರುಳಿನೇ ಜಾರ್ತಿರ್ತದ. ಹ್ಯಾಂಡಲ್ ತಿರುಗ್ತದ, ದಾರ ಬರಂಗಿಲ್ಲ. ಬ್ರೇಡಿಗೆ ನುಣ್ಣನ ಸ್ಪೂಲ್ ಹಿಡಿತ ಕೊಡಂಗಿಲ್ಲ. ಮೊದ್ಲು ಹತ್ತು ಹದಿನೈದು ಸುತ್ತು ನೈಲಾನ್ ಸುತ್ತಿ, ಆಮ್ಯಾಲ ಬ್ರೇಡ್ ಸುತ್ರಿ. ನೈಲಾನ್ ಇಲ್ಲಂದ್ರ ಸ್ಪೂಲಿಗೆ ಒಂದು ಪಟ್ಟಿ ಟೇಪ್ ಅಂಟಿಸ್ರಿ.

ಡ್ರ್ಯಾಗ್ ಕೈಯಿಂದ ಎಳದು ನೋಡೋದು ನಂಬಬ್ಯಾಡ್ರಿ. ಲಗೇಜ್ ತೂಗೋ ಕೊಂಡಿ ತಕ್ಕಡಿಗೆ ದಾರ ಕಟ್ಟಿ, ರಾಡ್ 45 ಡಿಗ್ರಿ ಎತ್ತಿ ಎಳೀರಿ. ಎಷ್ಟಕ್ಕ ಜಾರ್ತದ ಅನ್ನೋದು ಮುಳ್ಳು ತೋರಿಸ್ತದ. 50 ಪೌಂಡ್ ಬ್ರೇಡ್, ಹೆವಿ ರಾಡ್ ಇದ್ರ ಕಳ್ಯಾಗ 5ರಿಂದ 6 ಕೆಜಿಗಿಂತ ಮೊದ್ಲು ಜಾರಬಾರ್ದು. ಬಾಳ ಮಂದಿ ಪೂರಾ ಲಾಕ್ ಮಾಡ್ತಾರ, ಅದೂ ನಡೀತದ.

ಗಾಳಗುಂಡ

ಈಗ ಜಗ್ಗುವ ಕ್ರಮ. ಕಪ್ಪೆ ಮೇಲೆ ನೀರು ಸಿಡಿದ ಕೂಡಲೇ ಜಗ್ಗಬೇಡಿ, ಅರ್ಧ ಸಲ ಅದು ಬಾಯಿಗೇ ಹೋಗಿರುವುದಿಲ್ಲ. ಕಪ್ಪೆ ಕಾಣೆಯಾಗಬೇಕು, ದಾರದಲ್ಲಿ ಭಾರ ತಿಳಿಯಬೇಕು. ರಾಡ್ ತುದಿಯನ್ನು ಕೆಳಕ್ಕಿಳಿಸುತ್ತಾ ಸಡಿಲವನ್ನು ಸುತ್ತಿ, ಆಮೇಲೆ ಮೇಲ್ಮುಖವಾಗಿ ಒಂದೇ ಸಲ ಗಟ್ಟಿಯಾಗಿ ಹೊಡೆಯಿರಿ. ಪಕ್ಕಕ್ಕೆ ಹೊಡೆದರೆ ಮೀನಿನ ತಲೆ ಅಡ್ಡ ತಿರುಗುತ್ತದೆ, ಅಲ್ಲಿ ಕಳೆಯೇ ಇರುವುದು.

ಹೊಡೆದ ಮೇಲೆ ನಿಲ್ಲಿಸುವ ಹಾಗಿಲ್ಲ. ಎರಡನೇ ಸಲ ಜಗ್ಗಿ ನೋಡುವ ಅಭ್ಯಾಸ ಇದ್ದರೆ ಬಿಡಿ. ಬ್ರೇಡ್ ಹಿಗ್ಗುವುದಿಲ್ಲ, ಒಂದೊಂದು ಜಗ್ಗಿಗೂ ತುಟಿಯ ತೂತು ದೊಡ್ಡದಾಗುತ್ತದೆ. ರಾಡ್ ಗಡಿಯಾರದ 10ರಿಂದ 11 ಗಂಟೆಯ ಕೋನದಲ್ಲಿ ನಿಲ್ಲಲಿ, ರೀಲ್ ಮಾತ್ರ ಬಿಡದೆ ಸುತ್ತಿ. ರಾಡ್ ಎತ್ತುವುದು, ಇಳಿಸುತ್ತಾ ಸುತ್ತುವುದು, ಈ ಪಂಪ್ ಆಟ ತೆರೆದ ನೀರಿಗೆ ಸರಿ. ಇಲ್ಲಿ ಇಳಿಸುವ ಆ ಅರೆಕ್ಷಣದಲ್ಲಿ ಮೀನು ತಲೆ ಕೆಳಗೆ ಹಾಕುತ್ತದೆ. ರಾಡನ್ನು 12 ಗಂಟೆ ದಾಟಿ ಹಿಂದಕ್ಕೆ ಎತ್ತಬೇಡಿ. ಮೀನು ಹತ್ತಿರ ಇದ್ದಾಗ ಹಾಗೆ ಮಾಡಿದರೆ ಭಾರವೆಲ್ಲ ತುದಿಯ ಮೇಲೆ ಬಂದು ರಾಡ್ ಅಲ್ಲೇ ಮುರಿಯುತ್ತದೆ.

ಏರಿಮೇಲೆ

ಇಷ್ಟೆಲ್ಲಾ ಮಾಡಿಯೂ ಮೀನು ಹೂತುಕೊಂಡರೆ ದಾರ ಪೂರ್ತಿ ಸಡಿಲ ಬಿಡಿ. ಒಂದು ನಿಮಿಷ ಕಾಯಿರಿ. ಎಳೆತ ಇಲ್ಲ ಅಂತ ಮೀನು ತಾನಾಗಿಯೇ ಹೊರಬರುತ್ತದೆ.

ಗಾಳಗುಂಡ

ಏರಿಯವರೇ, ಅದು ಕಾರ್ಪ್ ಹಿಡಿಯುವವರ ಉಪಾಯ. ಬಾಸಿಗೆ ಮೊದಲ ಮದ್ದಾಗಿ ಹೇಳಬಾರದು. ಕಪ್ಪೆಯ ಜೋಡಿ ಹುಕ್ಕಿಗೆ ರಬ್ಬರ್ ಮೈ ಅಂಟಿಕೊಂಡಿರುತ್ತದೆ. ಸಡಿಲ ಬಿಟ್ಟರೆ ಮೀನು ತಲೆ ಒದರಿದಾಗ ಆ ತೂಕಕ್ಕೇ ಹುಕ್ ಕಳಚುತ್ತದೆ. ತ್ರಿಕೊಕ್ಕೆಗಳಿರುವ ಮೀನಿನಾಕಾರದ ಆಮಿಷ ಕ್ರ್ಯಾಂಕ್‌ಬೇಟಿಗಂತೂ ಬೇಡವೇ ಬೇಡ, ಒಂದು ಕೊಕ್ಕೆ ಮೀನಿನಲ್ಲಿ, ಇನ್ನೊಂದು ಕಳೆಯಲ್ಲಿ. ಟೆಕ್ಸಾಸ್ ರಿಗ್ಗಿನ ಒಂಟಿ ಹುಕ್ ಮೇಲ್ದವಡೆ ದಾಟಿ ಕೂತಿದ್ದು, ನೀವು ದಡದಲ್ಲಿದ್ದು, ಮೀನಿನ ಹತ್ತಿರ ಹೋಗಲು ದಾರಿಯೇ ಇಲ್ಲದಿದ್ದರೆ ಮಾತ್ರ ಕೊನೆಗೆ 20–30 ಸೆಕೆಂಡ್ ಬಿಟ್ಟು ನೋಡಬಹುದು. ಅದಕ್ಕೂ ಮೊದಲು ದಡದ ಮೇಲೇ ಹತ್ತಿಪ್ಪತ್ತು ಹೆಜ್ಜೆ ನಡೆದು ಕೋನ ಬದಲಿಸಿ, ಮೀನು ಒಳಹೊಕ್ಕ ದಿಕ್ಕಿನಿಂದಲೇ ಎಳೆಯಿರಿ.

ಕಿಟ್ಟಿಯವರ ಹತ್ತಿರ ಕಯಾಕ್ ಇದೆ. ಅವರು ಮೀನನ್ನು ತಮ್ಮ ಹತ್ತಿರ ತರುವ ಹಟ ಬಿಟ್ಟು ತಾವೇ ಅದರ ಹತ್ತಿರ ಹೋಗಬೇಕು:

1. ಎಳೆಯುವುದು ನಿಲ್ಲಿಸಿ, ದಾರ ಮಾತ್ರ ಬಿಗಿ ಇರಲಿ. ಬೆರಳನ್ನು ದಾರಕ್ಕೆ ಮುಟ್ಟಿಸಿ. ಮಿಡಿದರೆ ಮೀನಿದೆ. ಮಿಡಿಯದಿದ್ದರೂ ಬಿಡಬೇಡಿ. ಕಣ್ಣಿಗೆ ಕಳೆ ಮುಚ್ಚಿಕೊಂಡ ಬಾಸ್ ಹಲವು ಸಲ ಒದ್ದಾಡದೆ ಸುಮ್ಮನೆ ಇರುತ್ತದೆ.

2. ಹುಟ್ಟು ಹಾಕಬೇಡಿ, ರೀಲ್ ಸುತ್ತಿ. ಕಯಾಕ್ ತಾನೇ ಜಾರಿಕೊಂಡು ಅಲ್ಲಿಗೆ ಹೋಗುತ್ತದೆ. ನೀವು ತೊಂದರೆ ಅಂದದ್ದೇ ಇಲ್ಲಿ ಅನುಕೂಲ.

3. ದಾರ ನೇರ ಕೆಳಕ್ಕೆ ಇಳಿಯುವ ತನಕ ಹೋಗಿ. ಅಂಚಿನ ಮಡಿಕೆ ಬಿಚ್ಚಿಕೊಳ್ಳುವುದು ಅಲ್ಲೇ. ಈಗ ನಿಧಾನಕ್ಕೆ, ಜಗ್ಗದೆ, ಮೇಲಕ್ಕೆ ಭಾರ ಕೊಡುತ್ತಾ ಹೋಗಿ. ತಳ ಮೆತ್ತನೆ ಕೆಸರಾದ್ದರಿಂದ ಬುಡ ಸಮೇತ ಕಿತ್ತು ಬರುವುದೇ ಹೆಚ್ಚು.

4. ಬರದಿದ್ದರೆ ರಾಡ್ ತುದಿಯನ್ನು ದಾರದ ನೇರಕ್ಕೆ ತಂದು ಕೈಯಿಂದ ಎಳೆಯಿರಿ. ಬರಿಗೈಗೆ ಬ್ರೇಡ್ ಸುತ್ತಿಕೊಳ್ಳಲೇಬೇಡಿ, ಬೆರಳನ್ನು ಎಲುಬಿನ ತನಕ ಕೊಯ್ಯುತ್ತದೆ. ಒಂದು ಗೇಣುದ್ದ ಮರದ ತುಂಡಿಗೆ ನಾಲ್ಕು ಸುತ್ತು ಹಾಕಿ ಎಳೆಯಬಹುದು.

5. ಹುಟ್ಟಿನ ಅಲಗಿನಿಂದ ಮೇಲಿನ ಕಳೆಯನ್ನು ಪದರ ಪದರವಾಗಿ ಸರಿಸಿ, ದಾರದ ಜಾಡಿನಲ್ಲೇ ಇಳಿಯಿರಿ. ಬಿಳಿ ಹೊಟ್ಟೆ ಕಂಡರೆ ಕಳೆ ಬಿಡಿಸುತ್ತಾ ಕೂರಬೇಡಿ. ರಬ್ಬರ್ ಬಲೆಯನ್ನು ಇಡೀ ಗುಡ್ಡೆಯ ಅಡಿಗೆ ತೂರಿಸಿ ಕಳೆ ಸಮೇತ ಎತ್ತಿ.

ಫ್ಲಾರಿಡಾದಲ್ಲಿ ಕಾಣದ ಕಡೆ ಕೈ ಹಾಕಬೇಡಿ. ಅಲಿಗೇಟರ್ ಇರುವ ಕೆರೆ ಅದು, ಒದ್ದಾಡುವ ಮೀನಿನ ಸದ್ದಿಗೆ ಹತ್ತಿರ ಬರುತ್ತವೆ. ಹತ್ತಿರದಲ್ಲಿ ಒಂದು ಕಂಡರೆ ದಾರ ಕತ್ತರಿಸಿ ಹೊರಡಿ.

ಹುಬ್ಳಿ_ಹುಕ್

ಕಯಾಕ್ ನಿಲ್ಲಿಸೋದ್ರ ಬಗ್ಗೆ. ಗಾಳಿ ನಿಮ್ಮನ್ನ ಕಳೆಯಿಂದ ದೂರ ತಳ್ಳೋ ಕಡೆ ನಿಂದ್ರಬೇಕು, ಅಂದ್ರ ಗಾಳಿ ಕಳೆ ಕಡಿಂದ ನಿಮ್ಮ ಕಡೆ ಬೀಸ್ತಿರಬೇಕು. ಎಸಿಯೋದು ತುಸು ಕಷ್ಟ ಆಕ್ಕೈತಿ, ಆದ್ರ ಮೀನು ಬಿದ್ದ ಮ್ಯಾಲ ಗಾಳಿನೇ ನಿಮ್ಮ ಪರ ಎಳೀತದ. ಗಾಳಿ ಇಲ್ಲಂದ್ರ ಹಿಂದಿನ ತುದಿಯಾಗ 8 ಅಡಿ ಗೂಟ ಕೆಸರಿಗೆ ಚುಚ್ಚಿ ಕಟ್ರಿ, ಎಳದ್ರ ಬಿಚ್ಚೋ ಗಂಟಿರ್ಲಿ. ಪಕ್ಕಕ್ಕ ಕಟ್ಟಿದ್ರ ಜಗ್ಗಿದಾಗ ಕಯಾಕ್ ಮಗುಚ್ತದ. ಮೂತಿ ಕಳೆ ಕಡೆ ಇರ್ಲಿ, ಮೂತಿ ನೇರಕ್ಕ ಎಸೀರಿ.

ನೈದಿಲೆ ಬ್ಯಾರೆ ಲೆಕ್ಕ. ಅದರ ದಂಟು ರಬ್ಬರಿನಂಗ, ಬ್ರೇಡಿಗೂ ಸುಲಭಕ್ಕ ಹರಿಯಂಗಿಲ್ಲ. ಮೀನು ಎರಡು ದಂಟು ಸುತ್ತಿದ್ರ ಎಳ್ಯೋದು ದಂಡ. ಹೋಗಿ ಸುತ್ತು ಬಿಚ್ಚಬೇಕು. ಜೊಂಡಿನ್ಯಾಗೂ ಹಂಗ, ಹೊಕ್ಕ ದಾರಿಲೇ ಹೊರಗ ತರ್ರಿ.

ಕಯಾಕ್_ಕಿಟ್ಟಿ

ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ ಉಳಿದಿವೆ. ಚಾಪೆಗೆ ತೂತು ಹೊಡೆದು ಇಳಿಸುವ ಭಾರದ ರಿಗ್ಗಿಗೂ ಇದೇ ಕ್ರಮವಾ? ಒಟ್ಟಿಗೆ ಎಲ್ಲಾ ಕೊಳ್ಳಲು ದುಡ್ಡಿಲ್ಲದಿದ್ದರೆ ಮೊದಲು ಏನು?

ಗಾಳಗುಂಡ

ಭಾರದ ರಿಗ್ಗಿನಲ್ಲಿ ಮೀನು ಕಚ್ಚುವಾಗಲೇ ಚಾವಣಿಯ ಕೆಳಗಿರುತ್ತದೆ. ಹಾಗಾಗಿ ತೂಕ ಇಳಿದ ತೂತಿನಿಂದಲೇ ಅದನ್ನು ಮೇಲೆತ್ತಬೇಕು. ದೂರ ಎಸೆಯಬೇಡಿ, 5–6 ಮೀಟರ್ ಒಳಗೇ ಇಳಿಸಿ. 28ರಿಂದ 42 ಗ್ರಾಂ ಟಂಗ್‌ಸ್ಟನ್ ತೂಕ, ಅದು ದಾರದ ಮೇಲೆ ಜಾರದಂತೆ ಎರಡು ರಬ್ಬರ್ ಸ್ಟಾಪರ್, 4/0 ನೇರ ಕಾಲಿನ ದಪ್ಪ ಹುಕ್, ಸ್ನೆಲ್ ಗಂಟು (ಹುಕ್ಕಿನ ಕಾಲಿಗೇ ಸುತ್ತಿ ಕಟ್ಟುವುದು). ಸ್ಟಾಪರ್ ಬಿಟ್ಟರೆ ತೂಕ ಒಂದು ಕಡೆ, ಹುಳ ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ 65 ಪೌಂಡಿಗಿಂತ ಕಡಿಮೆ ದಾರ ಬೇಡ. ರಾಡ್ ಕೂಡ ಎಕ್ಸ್‌ಟ್ರಾ ಹೆವಿ ಇರಬೇಕು, ಕೂತು ಮಾಡುವ ಕಯಾಕಿನಲ್ಲಿ ಸುಲಭವಲ್ಲ. ಸದ್ಯಕ್ಕೆ ಕಪ್ಪೆಯಲ್ಲೇ ಇರಿ ಅನ್ನುತ್ತೇನೆ.

ಕೊಳ್ಳುವುದಾದರೆ ಮೊದಲು ರಾಡ್. 4000 ಅಥವಾ 5000 ಸೈಜಿನ ಸ್ಪಿನ್ನಿಂಗ್ ರೀಲ್ ಮನೆಯಲ್ಲಿದ್ದರೆ ಹೆವಿ ಸ್ಪಿನ್ನಿಂಗ್ ರಾಡಿಗೆ ಹಾಕಿ 50 ಪೌಂಡ್ ಬ್ರೇಡ್ ಸುತ್ತಿ, ಬೇಟ್‌ಕಾಸ್ಟರ್ ಆಮೇಲೆ ನೋಡಿಕೊಳ್ಳಬಹುದು. ಇರುವ ಮೀಡಿಯಂ ರಾಡಿಗೆ 50 ಪೌಂಡ್ ಹಾಕಿ ಲಾಕ್ ಮಾಡಬೇಡಿ, ದಾರ ಉಳಿದು ರಾಡ್ ಹೋಗುತ್ತದೆ. ಅಲ್ಲಿಯವರೆಗೆ ಚಾಪೆಯ ನಡುವೆ ಎಸೆಯದೆ ಹೊರ ಅಂಚಿನಲ್ಲೇ ಮೀನು ಹಿಡಿಯಿರಿ. ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟಿದಾಗ ಹೂತ ಮೀನಿನ ಜೊತೆ ಹೆಚ್ಚು ಹೊತ್ತು ಗುದ್ದಾಡಿದರೆ ಬಿಟ್ಟ ಮೇಲೂ ಅದು ಉಳಿಯುವುದು ಕಷ್ಟ.

ಏರಿಮೇಲೆ

ಸಡಿಲ ಬಿಡುವ ವಿಷಯ ಒಪ್ಪಿದೆ, ದಡದವರಿಗಷ್ಟೇ ಇರಲಿ.

ವಿಷಯಕ್ಕೆ ಹೊರಗಿನದೊಂದು: ಫ್ಲಾರಿಡಾದಲ್ಲಿ ಹೈಡ್ರಿಲ್ಲಾ ಮೊದಲು ಗುರುತಿಗೆ ಬಂದದ್ದು 1960ರಲ್ಲಿ. ತಂದವರು ಅಕ್ವೇರಿಯಂ ವ್ಯಾಪಾರಿಗಳು. ಅಲ್ಲಿಯ ತಳಿಯ ವಂಶವಾಹಿ ನೋಡಿದವರಿಗೆ ಹತ್ತಿರದ ಹೋಲಿಕೆ ಸಿಕ್ಕಿದ್ದು ಬೆಂಗಳೂರಿನ ಮಾದರಿಯಲ್ಲಿ! ನಮ್ಮೂರಿನ ಕಳೆಯೇ ಕಿಟ್ಟಿಯವರ ದಾರ ಹಿಡಿದು ಕೂತಿದೆ. ಒಂದು ಸಣ್ಣ ತುಂಡು ಸಾಕು, ಬೇರೆ ಕೆರೆಯಲ್ಲಿ ಬೇರೂರುತ್ತದೆ. ಹೊರಡುವ ಮುಂಚೆ ಕಯಾಕಿನ ಅಡಿ, ನೀರು ಬಸಿಯುವ ತೂತು, ಬಲೆಯ ಕಣ್ಣು, ಗೂಟ ಎಲ್ಲ ತಡವಿ ನೋಡಿ, ಸಿಕ್ಕಿದ್ದನ್ನು ಒಣ ನೆಲಕ್ಕೆ ಬಿಸಾಡಿ, ಒಳಗಿನ ನೀರು ಅಲ್ಲೇ ಚೆಲ್ಲಿ.

ಹುಬ್ಳಿ_ಹುಕ್

ಕಳೆಯಾಗ ಮೀನು ತಂದ ಮ್ಯಾಲ ದಾರದ ಕೊನೀ ಎರಡು ಮೀಟರ್ ಬೆರಳಾಗ ಎಳದು ನೋಡ್ರಿ. ಜುಂಗು ಎದ್ದಿದ್ರ ಅಷ್ಟು ಕತ್ತರಿಸಿ ಹೊಸ ಗಂಟು ಹಾಕ್ರಿ. ಕಪ್ಪೆ ಹುಕ್ಕಿನ ತುದಿ ಉಗುರಿನ ಮ್ಯಾಲ ಜಾರಿದ್ರ ಮೊಂಡಾಗೇತಿ ಅಂತ ಅರ್ಥ, ಅರ ಹಿಡೀರಿ.