ಪದಚರ್ಚೆ: ವೈಫೈ ಕಾರ್ಡ್ ‘ಅಪ್‌ಗ್ರೇಡ್’ಗೆ ಬೋರ್ಡಿನ ಮೇಲೆ ಏನು ಬರೆಸಲಿ?

ಗೋಣಿಕೊಪ್ಪದ ಅಂಗಡಿಯವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟಿದೆ, ನಾಳೆ ಮಧ್ಯಾಹ್ನದೊಳಗೆ ಫ್ಲೆಕ್ಸ್‌ನವರಿಗೆ ಮ್ಯಾಟರ್ ಕೊಡಬೇಕು. ನನ್ನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. 2024ರಲ್ಲಿ ಕನ್ನಡ ಭಾಷಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಬೋರ್ಡಿನಲ್ಲಿ ಶೇ 60 ಕನ್ನಡ ಇರಲೇಬೇಕಲ್ಲ. ಅಂಗಡಿಯ ಹೆಸರು ಬರೆಸಿ ಆಯಿತು, ಕೆಳಗಿನ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

‘ರಿಪೇರಿ’ಗೆ ತೊಂದರೆಯಿಲ್ಲ. ‘ಬ್ಯಾಟರಿ ಬದಲಾವಣೆ’ಯೂ ಸರಿ. ‘ವೈರ್‌ಲೆಸ್ ಕಾರ್ಡ್ ಅಪ್‌ಗ್ರೇಡ್’ಗೆ ಏನನ್ನಲಿ? ಲ್ಯಾಪ್‌ಟಾಪಿನೊಳಗೆ ವೈಫೈ ಹಿಡಿಯುವ ಚಿಕ್ಕ ಬಿಡಿಭಾಗ ಅದು. ಹಳೆ ಕಾರ್ಡ್ ಕೆಟ್ಟಿರುವುದಿಲ್ಲ, ಹಾಗಾಗಿ ರಿಪೇರಿ ಅಲ್ಲ. ಬರೀ ಬದಲಾವಣೆ ಅಂದರೆ ಅದೇ ಜಾತಿಯ ಇನ್ನೊಂದು ಹಾಕಿದಂತಾಗುತ್ತದೆ. ತೋಟದ ಮನೆಗಳಿಗೆ ಫೈಬರ್ ಬಂತು, ರೂಟರೂ ಹೊಸದು, ಲ್ಯಾಪ್‌ಟಾಪ್ ಮಾತ್ರ ಹತ್ತು ವರ್ಷ ಹಳೆಯದು. ಅದರ ಕಾರ್ಡಿಗೆ 2.4 ಗಿಗಾಹರ್ಟ್ಸ್ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ. ‘ನಮ್ದ್ರಲ್ಲಿ 5ಜಿ ಬರಲ್ಲ’ ಅಂತ ಬರುತ್ತಾರೆ. ಅದು ಮೊಬೈಲಿನ 5ಜಿ ಅಲ್ಲ, ವೈಫೈಯ 5 ಗಿಗಾಹರ್ಟ್ಸ್ ತರಂಗ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ.

ಕೆಲಸ ಗೊತ್ತಿದ್ದರೆ ಪದ ಹೊಳೆದೀತು ಎಂದು ಹೇಳುತ್ತಿದ್ದೇನೆ. ಹಿಂದಿನ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ, ಒಂದೇ ಒಂದು ಸ್ಕ್ರೂ ತೆಗೆದರೆ ಕಾರ್ಡ್ ತಾನೇ ಓರೆಯಾಗಿ ಮೇಲೇಳುತ್ತದೆ. 22 ಮಿ.ಮೀ. ಅಗಲ, 30 ಮಿ.ಮೀ. ಉದ್ದ, ಅಂಚೆಚೀಟಿಯಷ್ಟು. ಅದಕ್ಕೆ ಎರಡು ಆಂಟೆನಾ ವೈರು, ಸಾಮಾನ್ಯವಾಗಿ ಒಂದು ಕಪ್ಪು, ಒಂದು ಬಿಳಿ. ಪರದೆಯ ನೆತ್ತಿಯಿಂದ ಹಿಂಜಿನ ಸಂದಿಯಲ್ಲಿ ಇಳಿದು ಬಂದಿರುತ್ತವೆ. ತುದಿಗೆ ರವಿಕೆಯ ಟಿಚ್ ಬಟನ್ನಿನಂಥದ್ದು, ಸಾಸಿವೆಕಾಳಿನ ಗಾತ್ರ. ಉಗುರಿನಿಂದ ನೇರ ಒತ್ತಿದರೆ ಟಿಕ್ ಎಂದು ಕೂರುತ್ತದೆ. ಓರೆ ಒತ್ತಿದಿರೋ ಜಜ್ಜಿಹೋಯಿತು, ಆಮೇಲೆ ಎಂಥ ಹೊಸ ಕಾರ್ಡಾದರೂ ಸಿಗ್ನಲ್ ಒಂದೇ ಕಡ್ಡಿ.

ಅನುವಾದದ ಯಂತ್ರ ‘ಮೇಲ್ದರ್ಜೆಗೇರಿಸಲಾಗುವುದು’ ಎಂದು ಕೊಟ್ಟಿತು. ಮನೆಯವಳು ಓದಿ, ‘ಏನು, ತಾಲ್ಲೂಕು ಆಸ್ಪತ್ರೆಯಾ?’ ಅಂದಳು.

ಮಡಿಕೇರಿ ಮೇಷ್ಟ್ರು

‘ನಿಸ್ತಂತು ಪತ್ರಕದ ಉನ್ನತೀಕರಣ’. ಇದರಲ್ಲಿ ಚರ್ಚೆಗೆ ಏನಿದೆ?

‘ಕಾರ್ಡ್’ ಉಳಿಸಿಕೊಳ್ಳಲೇಬೇಕೆಂದರೆ ‘ಕಾರ್ಡು’ ಎಂದು ಬರೆಸಿ. ಬಸ್ಸು, ಪೆನ್ನು, ಕಾರು ಎಲ್ಲ ಸ್ವರಾಂತವಾಗಿಯೇ ಒಳಗೆ ಬಂದವು. ವ್ಯಂಜನಾಂತವನ್ನು ಬೋರ್ಡಿಗೆ ನೇತುಹಾಕಬೇಡಿ.

ಕುಶಾಲನಗರದವ, ಈಗ ಬೆಂಗಳೂರು

‘ಪತ್ರಕ’ ಅಂದರೆ ಹಾಜರಿ ಪುಸ್ತಕ. ‘ನಿಸ್ತಂತು’ ತಲೆಯಿಂದ ಕಾಲಿನವರೆಗೆ ಸಕ್ಕದ, ಅಂದರೆ ಸಂಸ್ಕೃತ. ‘ತಂತಿ’ ನಮ್ಮದೆಂದು ಎಣಿಸಬೇಡಿ, ಅದೂ ಸಕ್ಕದದ ‘ತಂತ್ರೀ’ಯಿಂದ ಇಳಿದದ್ದು. ಕನ್ನಡದ್ದು ‘ಕಂಬಿ’, ತಮಿಳಿನಲ್ಲೂ ಅದೇ. ಹಾಗಾಗಿ ‘ಕಂಬಿಯಿಲ್ಲದ ಬಿಲ್ಲೆ’. ಅಪ್‌ಗ್ರೇಡಿಗೆ ‘ಮೇಲೇರಿಕೆ’. ಆಂಟೆನಾಗೆ ‘ಕುಡಿಮೀಸೆ’ ಮೊದಲೇ ಇದೆ, ಹುಳುಗಳಿಗೆ ಬಳಸುತ್ತೇವೆ. ಮೇಲ್ದರ್ಜೆಯಲ್ಲಿ ‘ಮೇಲ್’ ಮಾತ್ರ ನಮ್ಮದು, ‘ದರ್ಜೆ’ ಅರಬ್ಬಿಯದು.

ಇನ್ನೊಂದು. ಈ ‘-ಲಾಗುವುದು’ ಬಿಡಿ. ಯಾರು ಮಾಡುವುದು? ನೀವು ತಾನೆ? ‘ಮಾಡುತ್ತೇವೆ’ ಅನ್ನಿ.

ಮಡಿಕೇರಿ ಮೇಷ್ಟ್ರು

ಕಂಬಿ ಎಣಿಸುವವರು ಒಳಗಿರುತ್ತಾರೆ, ಕಂಬಿ ಕಿತ್ತವರು ಊರು ಬಿಟ್ಟಿರುತ್ತಾರೆ. ‘ಕಂಬಿಯಿಲ್ಲದ’ ಅಂಗಡಿಗೆ ಯಾರು ಬರುವವರೋ ನೋಡಬೇಕು.

1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಬಾನುಲಿ ಕೇಂದ್ರ ಶುರುವಾದಾಗ ‘ಆಕಾಶವಾಣಿ’ ಎಂಬ ಸಂಸ್ಕೃತ ಪದವೇ ಕೈಹಿಡಿದದ್ದು. ಆಮೇಲೆ ದೇಶವೇ ಅದನ್ನು ಎತ್ತಿಕೊಂಡಿತು. ವೈಫೈ ಎಂಬುದೂ ‘ವೈರ್‌ಲೆಸ್ ಫಿಡೆಲಿಟಿ’ಯ ಹ್ರಸ್ವರೂಪ ತಾನೆ? ‘ನಿಸ್ತಂತು ನಿಷ್ಠೆ’ ಎಂದರೆ ನಾಲಿಗೆ ಸವೆಯುವುದಿಲ್ಲ.

ಸುಂಟಿಕೊಪ್ಪದಿಂದ

ತಪ್ಪು. ಅದು ಯಾವುದರ ಹ್ರಸ್ವರೂಪವೂ ಅಲ್ಲ. ‘ಐಇಇಇ 802.11ಬಿ’ ಎಂಬ ತಾಂತ್ರಿಕ ಮಾನದಂಡದ ಹೆಸರು ಯಾರ ಬಾಯಲ್ಲೂ ನಿಲ್ಲುವುದಿಲ್ಲವೆಂದು 1999ರಲ್ಲಿ ಹೆಸರಿಡುವ ಕಂಪನಿಯೊಂದರಿಂದ ಕಟ್ಟಿಸಿದ ವ್ಯಾಪಾರದ ಹೆಸರು, ಹೈಫೈಗೆ ಪ್ರಾಸವಾಗಿ. ನಿಷ್ಠೆ ಆಮೇಲೆ ಅಂಟಿಕೊಂಡದ್ದು. ಹೆಸರಿಗೆ ಯಾರಾದರೂ ಅನುವಾದ ಮಾಡುತ್ತಾರೆಯೇ?

‘ವೈರ್‌ಲೆಸ್ ಕಾರ್ಡ್’ ಕೂಡ ಬೇಡ. ನಮ್ಮಲ್ಲಿ ವೈರ್‌ಲೆಸ್ ಅಂದರೆ ಪೊಲೀಸರ ಸೊಂಟದಲ್ಲಿರುವುದು. ‘ವೈಫೈ ಕಾರ್ಡ್’ ಅಂದರೆ ಸಂತೆಯಲ್ಲಿ ಕರಿಮೆಣಸು ಮಾರುವವನಿಗೂ ತಿಳಿಯುತ್ತದೆ.

ಪಾಲಿಬೆಟ್ಟದ ತೋಟದಾಕೆ

ನಾನು ಸಾಮಾನ್ಯವಾಗಿ ಇಲ್ಲಿ ಓದುವವಳು ಮಾತ್ರ. ಆದರೆ ಕುಡಿಮೀಸೆ ನೋಡಿ ಸುಮ್ಮನಿರಲಾಗಲಿಲ್ಲ. ನಮಗೆ ಹುಳುವಿನ ಮೀಸೆಯೆಂದರೆ ಅರೇಬಿಕಾ ಕಾಫಿ ಗಿಡ ಕೊರೆಯುವ ಬಿಳಿ ಕಾಂಡಕೊರಕ. ಆ ಪದ ಬೋರ್ಡಿನ ಮೇಲೆ ಕಂಡರೆ ಔಷಧಿ ಅಂಗಡಿ ಅಂದುಕೊಂಡು ಒಳಗೆ ಬಂದೇನು.

ಅಪ್‌ಗ್ರೇಡಿಗೆ ‘ಕಸಿ’ ಯಾಕಾಗಬಾರದು? ಹಳೆ ರೊಬಸ್ಟಾ ಕಾಫಿ ಗಿಡವನ್ನು ನಾವು ಬೇರುಸಹಿತ ಕೀಳುವುದಿಲ್ಲ. ಮೇಲಿನದ್ದನ್ನು ಕಡಿದು, ಬುಡದಲ್ಲಿ ಬಂದ ಚಿಗುರಿಗೆ ಸಿಎಕ್ಸ್‌ಆರ್ ಎಂಬ ಮಿಶ್ರತಳಿಯ ಕಡ್ಡಿ ಕಸಿ ಕಟ್ಟುತ್ತೇವೆ. ಬೇರು ಹಳೆಯದು, ಫಸಲು ಬೇರೆ. ಇವರು ಮಾಡುವುದೂ ಅದೇ ಅಲ್ಲವೇ? ಪೇಪರಿನಲ್ಲಿ ‘ಮೂತ್ರಪಿಂಡ ಕಸಿ’ ಎಂದು ಬರುತ್ತದೆ, ಎಲ್ಲರಿಗೂ ಅರ್ಥವಾಗುತ್ತದೆ.

ಗೋಣಿಕೊಪ್ಪದ ಅಂಗಡಿಯವ

ಅಕ್ಕ, ಇದು ಮನಸ್ಸಿಗೆ ಹಿಡಿಸಿತು. ಯಾಕೆಂದರೆ ಕಸಿಯ ಹಾಗೆ ಇಲ್ಲೂ ಜಾತಿ ಹೊಂದಬೇಕು. ಇಂಟೆಲ್‌ನ ಎಎಕ್ಸ್201, ಎಎಕ್ಸ್210 ಎರಡೂ ನೋಡಲು ಅವಳಿ, ಸ್ಲಾಟಿಗೂ ಕೂರುತ್ತವೆ. ಆದರೆ 201 ಅರ್ಧ ಕಾರ್ಡ್, ಉಳಿದರ್ಧ ಕೆಲಸವನ್ನು ಲ್ಯಾಪ್‌ಟಾಪಿನ ಮದರ್‌ಬೋರ್ಡಿನ ಚಿಪ್‌ಸೆಟ್ಟೇ ಮಾಡಬೇಕು. ಹಳೆ ಮೆಷಿನ್ನಿಗೋ ಎಎಂಡಿ ಪ್ರೊಸೆಸರಿನದಕ್ಕೋ ಹಾಕಿದರೆ ಅದು ಸತ್ತ ಹಾಗೆಯೇ. ಆನ್‌ಲೈನಿನಲ್ಲಿ ನೂರಿನ್ನೂರು ಕಡಿಮೆಗೆ ಸಿಕ್ಕಿತೆಂದು ತಂದವರನ್ನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ಇನ್ನು ಕೆಲವು ಹಳೆ ಲ್ಯಾಪ್‌ಟಾಪುಗಳ ಬಯಾಸ್‌ನಲ್ಲಿ ಅಂದರೆ ಆನ್ ಮಾಡಿದೊಡನೆ ಓಡುವ ಮೂಲ ತಂತ್ರಾಂಶದಲ್ಲಿ, ಒಪ್ಪಿದ ಕಾರ್ಡುಗಳ ಪಟ್ಟಿಯೇ ಇರುತ್ತದೆ. ಅದರಲ್ಲಿಲ್ಲದ್ದನ್ನು ಹಾಕಿದರೆ ಮೆಷಿನ್ ಬೂಟ್ ಆಗುವುದಕ್ಕೇ ಒಪ್ಪುವುದಿಲ್ಲ.

ಆದರೆ ಕಾಗದದ ಮೇಲೆ ಬರೆದು ನೋಡಿದೆ: ‘ಇಲ್ಲಿ ಕಾರ್ಡ್ ಕಸಿಯಲಾಗುವುದು’. ನನ್ನ ಅಂಗಡಿಯ ಪಕ್ಕದಲ್ಲೇ ಎಟಿಎಂ ಇದೆ.

ಕುಶಾಲನಗರದವ, ಈಗ ಬೆಂಗಳೂರು

ಮತ್ತೆ ‘-ಲಾಗುವುದು’! ‘ಕಸಿ ಕಟ್ಟುತ್ತೇವೆ’ ಎಂದಿದ್ದರೆ ಈ ತೊಡಕೇ ಇರುತ್ತಿರಲಿಲ್ಲ.

ಎಲ್ಲರೂ ‘ವಯ್-ಪಯ್ ಕಾರ್ಡ್’ ಎಂದು ಕಯ್ ತೊಳೆದುಕೊಳ್ಳುತ್ತಿದ್ದೀರಿ. ಎರವಲಿಗೂ ಒಂದು ಎಲ್ಲೆ ಬೇಡವೇ? ಇಂದು ಕಾರ್ಡು, ನಾಳೆ ಸ್ಲಾಟು, ನಾಡಿದ್ದು ಆಡುವ ಮಾತಿನಲ್ಲಿ ಕನ್ನಡದ್ದೆಂದು ಉಳಿಯುವುದು ‘ಅನ್ನು’ ಮತ್ತು ‘ಇಗೆ’.

ಪಾಲಿಬೆಟ್ಟದ ತೋಟದಾಕೆ

ತಮ್ಮಾ, ನೀವು ಕುಡಿಯುವ ಕಾಫಿ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ ಹೋಗಿ, ಪಾರ್ಚ್‌ಮೆಂಟ್ ಆಗಿ ಬರುತ್ತದೆ. ಕೆಲಸದವರು ಇರುವುದು ಲೈನ್‌ಮನೆಯಲ್ಲಿ. ಕೊಡವ ತಕ್ಕಿನಲ್ಲೂ ಪಲ್ಪರ್, ಅರೆಭಾಷೆಯಲ್ಲೂ ಪಲ್ಪರ್, ಯರವರ ಬಾಯಲ್ಲೂ ಪಲ್ಪರ್. ಇಷ್ಟು ಭಾಷೆ ಒಂದೇ ಕಣದಲ್ಲಿ ಕೂತು ಮಾತಾಡುವ ಜಾಗದಲ್ಲಿ ಎಲ್ಲೆ ಎಲ್ಲಿ ಎಳೆಯುತ್ತೀರಿ? ಕಣ, ತೋಟ, ಬಾಣೆ ನಮ್ಮವೇ ಇವೆ, ಅವನ್ನು ಯಾರೂ ಕೈಬಿಟ್ಟಿಲ್ಲ.

ಮಡಿಕೇರಿ ಮೇಷ್ಟ್ರು

ಪಲ್ಪರು. ಸ್ವರಾಂತ.

‘ವಯ್-ಪಯ್’ ಎಂದು ಬರೆದವರಿಂದ ನಾನು ಕಾಗುಣಿತ ಕಲಿಯಬೇಕಾಗಿಲ್ಲ.

ಕುಶಾಲನಗರದವ, ಈಗ ಬೆಂಗಳೂರು

ಕಲಿಯಿರಿ ಅಂದವರಾರು?

ಗೋಣಿಕೊಪ್ಪದ ಅಂಗಡಿಯವ

ದಯವಿಟ್ಟು ಜಗಳ ನಿಲ್ಲಿಸಿ ಸಾರ್, ಮ್ಯಾಟರ್ ಕೊಟ್ಟಾಯಿತು, ಬೋರ್ಡೂ ಬಂತು. ಅಪ್‌ಗ್ರೇಡ್ ಎಂಬ ಪದವನ್ನೇ ಕೈಬಿಟ್ಟು, ಮಾಡುವ ಕೆಲಸವನ್ನೇ ಬರೆದೆ. ಸುಂಟಿಕೊಪ್ಪದವರ ‘ವೈಫೈ’, ಬೆಂಗಳೂರಿನವರ ‘-ತ್ತೇವೆ’, ಮೇಷ್ಟ್ರು ಹೇಳಿದಂತೆ ಸ್ವರಾಂತ ‘ಕಾರ್ಡು’. ‘ಹಳೆ ವೈಫೈ ಕಾರ್ಡು ತೆಗೆದು, ವೇಗದ ಹೊಸದು ಹಾಕಿಕೊಡುತ್ತೇವೆ.’ ಕಸಿಯನ್ನು ಗಿರಾಕಿಗೆ ಕೊಡುವ ಚೀಟಿಗೆ ಇಟ್ಟುಕೊಂಡಿದ್ದೇನೆ ಅಕ್ಕ, ಜಾತಿ ಹೊಂದಬೇಕೆಂದು ವಿವರಿಸುವಾಗ ಅದಕ್ಕಿಂತ ಒಳ್ಳೆ ಮಾತು ಸಿಗಲಿಲ್ಲ.

ಆದರೆ ಫ್ಲೆಕ್ಸ್‌ನವರ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗುವಾಗ ಅರ್ಕಾವತ್ತು ಉದುರಿಹೋಗಿದೆ. ಎಂಟಡಿ ಉದ್ದದ ಬೋರ್ಡನ್ನು ಮಳೆಯಲ್ಲಿ ನಿಂತು ಮೊಳೆ ಹೊಡೆಸಿ, ರಸ್ತೆಯ ಆಚೆ ಹೋಗಿ ನೋಡಿದರೆ, ‘ಹಳೆ ವೈಫೈ ಕಾಡು ತೆಗೆದು, ವೇಗದ ಹೊಸದು ಹಾಕಿಕೊಡುತ್ತೇವೆ’. ಎದುರಿನ ಹೋಟೆಲಿನವರು ಆಗಲೇ ‘ಫಾರೆಸ್ಟಿನವರು ಬಂದು ಹೋದರಾ?’ ಎಂದು ಕೇಳಿದರು. ‘ಕಾರ್ಡ್’ ಎಂದೇ ಬಿಟ್ಟಿದ್ದರೆ ‘ಕಾಡ್’ ಆಗುತ್ತಿತ್ತು, ಅಷ್ಟು ಯಾರೂ ಗಮನಿಸುತ್ತಿರಲಿಲ್ಲ ಮೇಷ್ಟ್ರೇ. ಈಗ ಕೆಂಪು ಸ್ಟಿಕ್ಕರಿನಲ್ಲಿ ಒಂದು ಅರ್ಕಾವತ್ತು ಕತ್ತರಿಸಿ ಇಟ್ಟಿದ್ದೇನೆ, ಮಳೆ ನಿಂತ ಮೇಲೆ ಏಣಿ ಹತ್ತಿ ಅಂಟಿಸಬೇಕು.