ಸ್ಪೆಲ್ ಪಾಯಿಂಟ್ ತಂದ ಮೇಲೆ ವಿಝಾರ್ಡ್ ಒಬ್ಬನದೇ ಆಟ ಆಗಿದೆ, ಏನು ಮಾಡಲಿ?

ಹೊಸ ಡಿಎಂ:
ನಮ್ಮ ಮನೆಯಲ್ಲಿ ಭಾನುವಾರ ನಾಲ್ಕು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಕಥೆಯಾಟ ಆಡುತ್ತೇವೆ, ಕಥೆ ನಡೆಸುವ ಡಂಜನ್ ಮಾಸ್ಟರ್ (ಡಿಎಂ) ನಾನು. 2014ರ ಐದನೇ ಆವೃತ್ತಿ. ಎಲ್ಲರ ಪಾತ್ರಗಳೂ ಈಗ 5ನೇ ಲೆವೆಲ್. ಯಾವ ಲೆವೆಲ್ಲಿನ ಸ್ಪೆಲ್ (ಮಂತ್ರ) ದಿನಕ್ಕೆ ಎಷ್ಟು ಸಲ ಹಾಕಬಹುದು ಅನ್ನುವ ಸ್ಲಾಟ್ ಲೆಕ್ಕ ಇಡುವುದು ಕಿರಿಕಿರಿ ಅಂದರು. ಅದಕ್ಕೆ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿರುವ ಸ್ಪೆಲ್ ಪಾಯಿಂಟ್ ನಿಯಮ ತಂದೆ. ಮಂತ್ರ ಹಾಕುವ ಪಾತ್ರವಾದ ವಿಝಾರ್ಡ್‌ಗೆ ದಿನಕ್ಕೆ 27 ಪಾಯಿಂಟ್, ಪ್ರತಿ ಸ್ಪೆಲ್ಲಿಗೂ ಅದರಿಂದಲೇ ಖರ್ಚು.

ಅಲ್ಲಿಂದ ಎಡವಟ್ಟು ಶುರುವಾಯಿತು. ಹೋದ ವಾರ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರ ಗುಂಪು ಬಂತು. ಮೊದಲ ಸುತ್ತಿಗೇ ವಿಝಾರ್ಡ್ ಫೈರ್‌ಬಾಲ್ ಹಾಕಿದ, ಅಂದರೆ ಬೆಂಕಿ ಉಂಡೆಯ ಸ್ಪೆಲ್. ಎರಡನೇ ಸುತ್ತಿಗೆ ಇನ್ನೊಂದು. ಅವರ ನಾಯಕ ಬಂದ, ಅವನಿಗೆ ಮೂರನೆಯದು. ಫೈಟರ್ ಆಡುವುದು ನನ್ನ ತಮ್ಮ. ಅವನು ಕತ್ತಿ ಹಿಡಿದು ಓಡಿ ಹೋಗುವಷ್ಟರಲ್ಲಿ ಹೊಡೆಯಲು ಯಾರೂ ಉಳಿದಿರಲಿಲ್ಲ. ಆಮೇಲೆ ಸುಮ್ನೆ ದಾಳಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಕೂತ. ನೋಡಿ ತುಂಬಾ ಬೇಜಾರಾಯಿತು. ಫೈರ್‌ಬಾಲ್‌ನ ಪೆಟ್ಟಿಗೆ ಉರುಳಿಸುವ 8 ದಾಳವನ್ನು 5ಕ್ಕೆ ಇಳಿಸಲಾ?

ಹಳೇ ದಾಳ:
ಇಳಿಸಬೇಡಿ, ಏನೂ ಪ್ರಯೋಜನ ಇಲ್ಲ. ಆರು ಮುಖದ 5 ದಾಳ ಅಂದರೆ ಸರಾಸರಿ 17 ಚಿಲ್ಲರೆ. ಗಾಬ್ಲಿನ್ ತಪ್ಪಿಸಿಕೊಂಡು ಅರ್ಧ ಪೆಟ್ಟು ತಿಂದರೂ 8 ಆಯಿತು. ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್, ಅಂದರೆ ಅಷ್ಟೇ ಪೆಟ್ಟು ತಾಳುವ ಶಕ್ತಿ. ಅದು ಹೇಗಿದ್ದರೂ ಸಾಯುತ್ತದೆ.

ತೊಂದರೆ ಇರುವುದು ಎಷ್ಟು ಸಲ ಹಾಕಬಹುದು ಅನ್ನುವುದರಲ್ಲಿ. ಸ್ಲಾಟ್ ಲೆಕ್ಕದಲ್ಲಿ 5ನೇ ಲೆವೆಲ್ ವಿಝಾರ್ಡ್‌ಗೆ ಮೊದಲನೇ ಲೆವೆಲ್ ಸ್ಪೆಲ್ಲಿನ 4, ಎರಡನೆಯದರ 3, ಮೂರನೆಯದರ 2 ಸ್ಲಾಟ್. ಅವುಗಳ ಬೆಲೆ ಒಂದೊಂದಕ್ಕೆ 2, 3, 5 ಪಾಯಿಂಟ್. ಕೂಡಿಸಿ ನೋಡಿ, 8+9+10, ಸರಿಯಾಗಿ 27. ಮೊತ್ತ ಅದೇ, ಆದರೆ ನಡುವಿನ ಗೋಡೆ ಬಿದ್ದುಹೋಗಿದೆ. ಫೈರ್‌ಬಾಲ್ 3ನೇ ಲೆವೆಲ್ ಸ್ಪೆಲ್, ಮೊದಲು ಈ ಸ್ಲಾಟ್‌ಗಳಲ್ಲಿ ಎರಡೇ ಸಲ ಆಗುತ್ತಿತ್ತು, ಈಗ ಐದು. ಚಿಲ್ಲರೆ ಕೆಲಸಕ್ಕೆ ಅಂತ ಇಟ್ಟಿದ್ದ ಕಾಸೆಲ್ಲ ದೊಡ್ಡ ಪಟಾಕಿಗೆ ಹೋಗುತ್ತಿದೆ.

ಇನ್ನೊಂದು ವಿಷಯ ಹೇಳಿ. ಒಂದು ಲಾಂಗ್ ರೆಸ್ಟ್‌ನಿಂದ (ಪಾಯಿಂಟ್ ಮತ್ತೆ ತುಂಬಿಸುವ ದೀರ್ಘ ವಿಶ್ರಾಂತಿ) ಇನ್ನೊಂದಕ್ಕೆ ಎಷ್ಟು ಕಾಳಗ ಮಾಡಿಸುತ್ತೀರಿ?

ಹೊಸ ಡಿಎಂ:
ಒಂದೇ. ಮುಗಿದ ತಕ್ಷಣ ಗುಡಾರ ಹಾಕಿ ಮಲಗುತ್ತಾರೆ.

ಹಳೇ ದಾಳ:
ಹಾಗಾದರೆ ಮೂಲ ಅಲ್ಲೇ ಇದೆ. ನಿಮ್ಮ ತಮ್ಮನ ಕೈಯಲ್ಲಿ ಗ್ರೇಟ್‌ಸೋರ್ಡ್ (ದೊಡ್ಡ ಕತ್ತಿ) ಇದ್ದು ಸ್ಟ್ರೆಂತ್ (ಮೈಬಲ) 18 ಇದೆ ಅಂದುಕೊಳ್ಳಿ. ಒಂದು ಏಟಿಗೆ ಸರಾಸರಿ 11, ಒಂದು ಸುತ್ತಿನ ಎರಡೂ ಏಟು ತಗುಲಿದರೆ 22. ಫೈರ್‌ಬಾಲ್‌ನ ಸರಾಸರಿ 28. ಒಬ್ಬನೇ ಎದುರಾಳಿ ಇದ್ದರೆ ಭಾರಿ ಅಂತರ ಏನಲ್ಲ. ಕತ್ತಿ ದಿನವಿಡೀ ಖಾಲಿ ಆಗುವುದಿಲ್ಲ, ಫೈಟರ್‌ನ ಬಲ ಇರುವುದೇ ಅದರಲ್ಲಿ. ದಿನಕ್ಕೆ ಒಂದೇ ಕಾಳಗ ಇಟ್ಟರೆ ಆ ಬಲ ಕಾಣಿಸುವುದೇ ಇಲ್ಲ, ಅಲ್ವಾ? ಗೈಡ್ ಹೇಳುವುದು ದಿನಕ್ಕೆ 6ರಿಂದ 8 ಕಾಳಗ. ಭಾನುವಾರದ ಮೂರು ಗಂಟೆಯಲ್ಲಿ ಅಷ್ಟು ಆಗುವ ಮಾತಲ್ಲ. ನಾನು ಮೂರು ಇಡುತ್ತೇನೆ. 24 ಗಂಟೆಗೆ ಒಂದೇ ಲಾಂಗ್ ರೆಸ್ಟ್ ಅಂತ ಪುಸ್ತಕದಲ್ಲೇ ಇದೆ, ಅದನ್ನು ಬಿಡಬೇಡಿ.

ಪಾಯಿಂಟ್‌ಗೆ ಒಂದು ಬೇಲಿ ಹಾಕಿ. ಅದೇ ದಿನ 3ನೇ ಲೆವೆಲ್ ಸ್ಪೆಲ್ ಮತ್ತೆ ಹಾಕಿದರೆ ಪ್ರತಿ ಸಲ 2 ಪಾಯಿಂಟ್ ಜಾಸ್ತಿ. 5, 7, 9. ಮೂರಕ್ಕೇ 21 ಖರ್ಚು. ನಾಲ್ಕನೆಯದಕ್ಕೆ 11 ಬೇಕು, ಉಳಿದಿರುವುದು 6.

ಕಾಡುದಾರಿ:
ಬೇಲಿ ಒಳ್ಳೆಯದೇ. ಆದರೆ ಬರೀ ಲೆಕ್ಕದಿಂದ ಕಟ್ಟಿಹಾಕಿದರೆ ವಿಝಾರ್ಡ್ ಆಡುವವರಿಗೆ ಶಿಕ್ಷೆ ಕೊಟ್ಟಂತೆ ಅನಿಸುತ್ತದೆ. ಮಹಾಭಾರತದಲ್ಲಿ ಇಂದ್ರ ಕೊಟ್ಟ ಶಕ್ತಿಯನ್ನೇ ನೋಡಿ. ಒಂದೇ ಸಲ ಬಿಡಬಹುದು. ಕರ್ಣ ಅದನ್ನು ಅರ್ಜುನನಿಗೆ ಅಂತ ಕಾದಿಟ್ಟಿದ್ದ, ರಾತ್ರಿ ಯುದ್ಧದಲ್ಲಿ ಘಟೋತ್ಕಚನ ಮೇಲೆ ಬಿಡಬೇಕಾಯಿತು. ಆ ಆಯುಧ ಎಷ್ಟು ಜೋರು ಅನ್ನುವುದಕ್ಕಿಂತ ಈಗ ಬಿಡಲೋ ಬೇಡವೋ ಅನ್ನುವ ಸಂಕಟವೇ ನಮ್ಮನ್ನು ಹಿಡಿಯುತ್ತದೆ. ನಿಮ್ಮ ಮೇಜಿನ ಮೇಲೂ ಆ ಸಂಕಟ ಬರಲಿ.

ಜಾಗವನ್ನು ಬಳಸಿಕೊಳ್ಳಿ. ಫೈರ್‌ಬಾಲ್ 20 ಅಡಿ ಸುತ್ತ ಹರಡುತ್ತದೆ, ನಮ್ಮವರು ತಮ್ಮವರು ಅಂತ ನೋಡುವುದಿಲ್ಲ. ಯಾರೂ ಹಿಡಿದಿರದ, ಹತ್ತಿಕೊಳ್ಳುವ ವಸ್ತುಗಳಿಗೆ ಬೆಂಕಿ ಬೀಳುತ್ತದೆ. ಊರಿನ ಕಣಜದೊಳಗೆ ಕಾಳಗ ಇಡಿ, ನೋಡೋಣ.

ಹೊಸ ಡಿಎಂ:
ನಿನ್ನೆ ಆಡಿದೆವು. ಬೆಳಗಾಗುವುದರೊಳಗೆ ಸೆರೆಯಾಳುಗಳನ್ನು ಬಿಡಿಸಬೇಕು ಅಂತ ಕಥೆ ಮಾಡಿದೆ, ಮಲಗಲು ಹೊತ್ತೇ ಇಲ್ಲ. ಮೂರು ಕಾಳಗ. ಹೊಸ ನಿಯಮವನ್ನು ಆಟಕ್ಕೆ ಮುಂಚೆಯೇ ಎಲ್ಲರಿಗೂ ಹೇಳಿ ಒಪ್ಪಿಸಿದ್ದೆ.

ಪಾಯಿಂಟ್‌ಗೆ ಒಂದು ಬಟ್ಟಲಲ್ಲಿ 27 ಹುಣಸೆ ಬೀಜ ಇಟ್ಟೆ. ಮೊದಲ ಕಾಳಗದಲ್ಲಿ ಫೈರ್‌ಬಾಲ್‌ಗೆ 5 ಬೀಜ ಹೋಯಿತು. ಎರಡನೆಯದು ಕಣಜದೊಳಗೆ, ಎದುರಿಗೆ ಓಗರ್ ಅನ್ನುವ ದೈತ್ಯ, ಹಿಂದೆ ಊರಿನವರ ಭತ್ತದ ಚೀಲ. ವಿಝಾರ್ಡ್ ಗೆಳೆಯ ಬಟ್ಟಲಿಗೆ ಕೈ ಹಾಕಿ 7 ಬೀಜ ಎಣಿಸಿದ. ಹಾಗೇ ಹಿಡಿದುಕೊಂಡು ಕೂತ. ಆಮೇಲೆ 4 ವಾಪಸ್ ಹಾಕಿ, 3 ಬೀಜಕ್ಕೆ ವೆಬ್ ಸ್ಪೆಲ್ ಹಾಕಿದ. ಓಗರ್ ಬಲೆಯಲ್ಲಿ ಸಿಕ್ಕಿಬಿತ್ತು. ಸಿಕ್ಕಿಬಿದ್ದವರನ್ನು ಹೊಡೆಯುವಾಗ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದಲ್ಲ, ತಮ್ಮ ಎದ್ದು ನಿಂತೇ ಉರುಳಿಸಿದ. ಓಗರ್‌ನ 59 ಹಿಟ್ ಪಾಯಿಂಟ್ ಮೂರು ಸುತ್ತಲ್ಲಿ ಮುಗಿಸಿದ. ಎರಡನೇ ಫೈರ್‌ಬಾಲ್ ಬಂದದ್ದು ಕೊನೇ ಕಾಳಗದಲ್ಲಿ, ಬಯಲಲ್ಲಿ. ಆಟ ಮುಗಿದಾಗ ಬಟ್ಟಲಲ್ಲಿ 4 ಬೀಜ ಇತ್ತು.

ಇನ್ನೊಂದೇ ಪ್ರಶ್ನೆ. 7ನೇ ಲೆವೆಲ್‌ಗೆ ಹೋದಾಗ 4ನೇ ಲೆವೆಲ್ ಸ್ಪೆಲ್ ಬರುತ್ತದೆ. ಆಗ ಬೇಲಿ ಎಲ್ಲಿ ಹಾಕಲಿ?

ಹಳೇ ದಾಳ:
ಆಗ ಯಾವುದು ಎಲ್ಲಕ್ಕಿಂತ ಮೇಲಿನ ಲೆವೆಲ್ಲೋ ಅದಕ್ಕೆ ಮಾತ್ರ. 4ನೆಯದು ಬಂದ ದಿನ 3ನೆಯದನ್ನು ಬಿಟ್ಟುಬಿಡಿ. 6ನೇ ಲೆವೆಲ್ ಸ್ಪೆಲ್ಲಿನಿಂದ ಮೇಲೆ ನಿಮಗೆ ಕೆಲಸವೇ ಇಲ್ಲ. ಒಂದೊಂದು ಲೆವೆಲ್ಲಿಗೆ ದಿನಕ್ಕೆ ಒಂದೇ ಸಲ ಅಂತ ಅದೇ ನಿಯಮದಲ್ಲಿ ಬರೆದಿದೆ.