ಅಪ್ಪ ಅಮ್ಮನಿಗೆ ಅಲೆಪ್ಪಿ ಬೋಟ್ ಸಾಕಾ, ಗಂಗೆಯ ಕ್ರೂಸ್ ಬೇಕಾ?

ದಾವಣಗೆರೆ ಮಂದಿ: ಅಪ್ಪ ಅಮ್ಮನಿಗೆ ನೀರಿನ ಮೇಲೆ ಒಂದೆರಡು ದಿನ ಇರುವ ಆಸೆ. ಗಂಗಾ ವಿಲಾಸ್ ಅನ್ನೋ ಕ್ರೂಸ್ ಹಡಗಿನ ಬಗ್ಗೆ ನೋಡಿದೆ, 2023ರಲ್ಲಿ ಶುರುವಾದದ್ದು, ವಾರಾಣಸಿಯಿಂದ ದಿಬ್ರುಗಢಕ್ಕೆ 51 ದಿನ. ಅಷ್ಟು ದಿನ ಅಂಗಡಿ ಯಾರು ನೋಡ್ಕೋತಾರೆ? ಅಲೆಪ್ಪಿ ಹೌಸ್‌ಬೋಟ್ ಹೇಗೆ? ಅಮ್ಮನಿಗೆ ಮಂಡಿನೋವು, ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು.

ದುರ್ಗದವನು: ಅಲೆಪ್ಪಿನೇ ಸರಿ ಅಣ್ಣ. ಬೆಂಗಳೂರಿಗೆ ಹೋಗಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಎರ್ನಾಕುಲಂ, ಅಲ್ಲಿಂದ ಟ್ಯಾಕ್ಸಿ. ಎಸಿ ದಿನವಿಡೀ ಇರುತ್ತಾ, ರಾತ್ರಿ ಮಾತ್ರನಾ ಅಂತ ಮೊದಲೇ ಕೇಳಿ, ಕಡಿಮೆ ರೇಟಿನ ಬೋಟ್‌ಗಳಲ್ಲಿ ಹೆಚ್ಚಾಗಿ ರಾತ್ರಿ ಮಾತ್ರ. ಇನ್ನೊಂದು ವಿಷಯ, ಸಂಜೆ ಆರರ ಹೊತ್ತಿಗೆ ಬೋಟನ್ನು ದಡಕ್ಕೆ ಕಟ್ಟಿಬಿಡುತ್ತಾರೆ, ಯಾಕಂದ್ರೆ ರಾತ್ರಿ ಮೀನುಗಾರರು ಬಲೆ ಹಾಕುತ್ತಾರೆ. ರಾತ್ರಿಯೆಲ್ಲ ತೇಲಬಹುದು ಅಂದುಕೊಂಡು ಹೋದವರು ಸುಮ್ನೆ ಜಗಳ ಆಡ್ತಾರೆ.

ಚಟ್ನಿಪುಡಿ: ಮಂಡಿನೋವು ಅಂದ್ರೆ ಒಂದೇ ಅಂತಸ್ತಿನ ಬೋಟ್ ತಗೊಳ್ಳಿ. ಮೇಲಿನ ಡೆಕ್ ಫೋಟೋಗೆ ಚೆಂದ, ಮೆಟ್ಟಿಲು ಕಷ್ಟ. ಅಡುಗೆ ಬೋಟ್‌ನಲ್ಲೇ ಆಗುತ್ತೆ. ದಪ್ಪ ಕುಚ್ಚಲಕ್ಕಿ ಅನ್ನ, ತೆಂಗಿನೆಣ್ಣೆ ಒಗ್ಗರಣೆ, ನಮ್ಮ ಕಡೆಯವರಿಗೆ ಎರಡನೇ ಊಟಕ್ಕೇ ಸಾಕಾಗಿಬಿಡುತ್ತೆ. ಬಿಳಿ ಅನ್ನ ಬೇಕು ಅಂತ ಹೇಳಿ, ಶೇಂಗಾ ಚಟ್ನಿಪುಡಿ ಜೊತೆಗಿರಲಿ. ದೊಡ್ಡ ಬೋಟ್ ಸಣ್ಣ ಕಾಲುವೆಗಳಿಗೆ ಹೋಗಲ್ಲ, ಅದಕ್ಕೆ ಬೆಳಿಗ್ಗೆ ಬೇರೆ ಚಿಕ್ಕ ದೋಣಿ ಮಾಡಿಕೊಳ್ಳಿ. ನಿಜವಾದ ಮಜಾ ಅಲ್ಲೇ ಇರೋದು.

ದಾವಣಗೆರೆ ಮಂದಿ: ಮಳೆಗಾಲದಲ್ಲಿ ಹೋಗಬಹುದಾ?

ದುರ್ಗದವನು: ರೇಟ್ ಕಡಿಮೆ ಇರುತ್ತೆ, ಆದರೆ ವಯಸ್ಸಾದವರಿದ್ದಾರೆ ಅಲ್ವಾ, ಜನವರಿ ನೋಡಿ. ಕ್ರಿಸ್‌ಮಸ್ ವಾರ ಮಾತ್ರ ಬೇಡ, ರೇಟ್ ಸಿಕ್ಕಾಪಟ್ಟೆ ಜಾಸ್ತಿ.